ಹದಿನೇಳನೆಯ ಗೆರೆ

ಮನಸ್ಸು ಕುಸಿದು ಬೀಳುವುದು ಎಂಟು ದಿನ ಮೊದಲೇ ಗೊತ್ತಾಗುವಂತಿದ್ದರೆ ಏನಾದೀತು? ಹನ್ನೊಂದು ವರ್ಷ ನಾನು ಈ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದೆ. ಗೊತ್ತುಮಾಡಿಕೊಳ್ಳಬಹುದು ಎಂದು ಖಾತ್ರಿಯಾದ ದಿನ ಹುಬ್ಬಳ್ಳಿಯ ಹೊರಗಿರುವ ನಮ್ಮ ಮನೋಮಾಪನ ಕೇಂದ್ರದಲ್ಲಿ ಎಲ್ಲರಿಗೂ ಪೇಢೆ ಹಂಚಿದರು. ನಾನು ನಾಲ್ಕು ಪೇಢೆ ಕಟ್ಟಿಸಿಕೊಂಡು ಮನೆಗೆ ಹೋಗಿ ಅವ್ವನಿಗೆ ಕೊಟ್ಟೆ.

ಅವ್ವ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದಳು. ಆಮೇಲೆ, "ಎಂಟ ದಿನ ಮೊದಲ ಗೊತ್ತಾದ್ರ ಮುಂದ ಏನ ಮಾಡೂದವಾ?" ಎಂದಳು. ಅದು ವೈದ್ಯರು ನೋಡಿಕೊಳ್ಳುವ ವಿಷಯ ಎಂದೆ. ಅವಳು ಹೂಂಗುಟ್ಟಿ ಮತ್ತೆ ಕಾಯಿ ಸುಲಿಯತೊಡಗಿದಳು.

ನನ್ನ ಹೆಸರು ಶಶಿರೇಖಾ ಮುಳಗುಂದ. ನಾನು ಓದಿದ್ದು ಶರೀರಶಾಸ್ತ್ರ. ನಾವು ಮಾಡಿದ್ದ ಉಪಕರಣ ಬೂದು ಬಣ್ಣದ ತೆಳುವಾದ ಒಂದು ಕಡಗ. ಎಡಗೈಗೆ ಹಾಕಿಕೊಂಡರೆ ಹಾಕಿದ್ದೇ ಮರೆತುಹೋಗುವಷ್ಟು ಹಗುರ. ಕಾಗದಪತ್ರದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಜನ ಕಡಗ ಎಂದರು, ಕಡೆಗೆ ನಾವೂ ಹಾಗೇ ಎಂದೆವು. ಕುಸಿತದ ಸುದ್ದಿ ಮನಸ್ಸಿಗಿಂತ ಮೊದಲು ಮೈಗೆ ತಿಳಿಯುತ್ತದೆ ಎಂಬುದು ನಮ್ಮ ಶೋಧನೆಯಾಗಿತ್ತು. ನೆಮ್ಮದಿಯಾಗಿರುವವರ ಎರಡು ಎದೆಬಡಿತಗಳ ನಡುವಿನ ಅಂತರ ಸದಾ ಒಂದಿಷ್ಟು ಹೆಚ್ಚುಕಡಿಮೆ ಆಗುತ್ತಿರುತ್ತದೆ. ಕುಸಿಯಲಿರುವವರಲ್ಲಿ ಅದು ಗಡಿಯಾರದ ಹಾಗೆ ಒಂದೇ ಸಮನಾಗುತ್ತ ಬರುತ್ತದೆ. ನಿದ್ದೆಯ ಮೊದಲ ಗಂಟೆಯ ಆಳ ಕಡಿಮೆಯಾಗುತ್ತದೆ. ಮಾತಿನಲ್ಲಿ ಪದ ಪದಗಳ ನಡುವಿನ ಬಿಡುವು ಕಿವಿಗೆ ತಿಳಿಯದಷ್ಟು ಹಿಗ್ಗುತ್ತದೆ. ಒಂದೊಂದಾಗಿ ನೋಡಿದರೆ ಇವು ಏನನ್ನೂ ಹೇಳುವುದಿಲ್ಲ. ಮೂರನ್ನೂ ಕೂಡಿಸಿ, ಅದೇ ಮನುಷ್ಯನ ಹಿಂದಿನ ತಿಂಗಳುಗಳ ಜೊತೆ ಹೋಲಿಸಿದರೆ ಪರದೆಯ ಮೇಲೆ ಒಂದು ಗೆರೆ ಏಳುತ್ತದೆ. ಗೆರೆ ಅರವತ್ತು ದಾಟಿದರೆ ಎಚ್ಚರಿಕೆ. ಎಂಬತ್ತು ದಾಟಿದರೆ ಅಪಾಯ.

ಕಡಗವನ್ನು ಜನರ ಕೈಗೆ ಹಾಕಿ ನೋಡಬೇಕಿತ್ತು. ಗದಗಿನ ಒಬ್ಬ ಹಿರಿಯ ವೈದ್ಯರು, ಬೆಟಗೇರಿಯಲ್ಲಿ ಒಂದು ಗುಂಪಿದೆ, ಅಲ್ಲಿಗೆ ಹೋಗುವ ರೋಗಿಗಳು ಆಸ್ಪತ್ರೆಗೆ ಮರಳಿ ಬರುವುದು ಬಹಳ ಕಡಿಮೆ, ಯಾಕೆಂದು ನನಗೂ ಗೊತ್ತಿಲ್ಲ, ಹೋಗಿ ನೋಡಿ ಎಂದರು.

ಅದು ಮುಚ್ಚಿಹೋದ ಒಂದು ಛಾಪಖಾನೆ. ಸುತ್ತಲಿನವರು ಅದನ್ನು ಮೊಳೆಮನೆ ಎನ್ನುತ್ತಿದ್ದರು. ತಗಡಿನ ಮಾಡು, ಎಣ್ಣೆ ಮತ್ತು ಶಾಯಿಯ ವಾಸನೆ, ಗೋಡೆಗುಂಟ ಕಟ್ಟಿಗೆಯ ಖಾನೆಗಳು, ಖಾನೆಗಳ ತುಂಬ ಸೀಸದ ಅಚ್ಚಿನ ಮೊಳೆಗಳು, ನಡುವೆ ಕಾಲಿನಿಂದ ತುಳಿಯುವ ಒಂದು ಹಳೆಯ ಯಂತ್ರ. ಹತ್ತಿಪ್ಪತ್ತು ಜನ ಮಾತಿಲ್ಲದೆ ಕೆಲಸ ಮಾಡುತ್ತಿದ್ದರು. ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಮನಸ್ಸಿನ ಕಾಯಿಲೆಯಿಂದ ಮಲಗಿದ್ದವರು. ಅಲ್ಲಿ ವೈದ್ಯರಿರಲಿಲ್ಲ, ಉಪದೇಶ ಮಾಡುವವರೂ ಇರಲಿಲ್ಲ. ಬಂದವರು ದಿನಕ್ಕೆ ಒಂದು ವಾಕ್ಯವನ್ನು, ತಮ್ಮದೇ ವಾಕ್ಯವನ್ನು, ಮೊಳೆ ಆರಿಸಿ ಜೋಡಿಸಬೇಕು. ತಿಂಗಳ ಕೊನೆಗೆ ಎಲ್ಲರ ಸಾಲುಗಳೂ ಒಂದು ಹಾಳೆಯಾಗಿ ಅಚ್ಚಾಗುತ್ತಿದ್ದವು. ಆಸ್ಪತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ, ಚಹಾದ ಅಂಗಡಿಗಳಲ್ಲಿ ಆ ಹಾಳೆ ಅಂಟಿಸಿರುವುದನ್ನು ನಾನೇ ನೋಡಿದ್ದೆ, ಯಾರದೆಂದು ಗೊತ್ತಿರಲಿಲ್ಲ.

ಅದನ್ನು ಕಟ್ಟಿದವರು ಇಬ್ಬರು. ಹುಸೇನಸಾಬ ಹದಿನಾಲ್ಕನೆಯ ವಯಸ್ಸಿಗೆ ಅದೇ ಛಾಪಖಾನೆಗೆ ಮೊಳೆ ಜೋಡಿಸಲು ಸೇರಿದವರು. ಛಾಪಖಾನೆ ಮುಚ್ಚಿತು, ಕೆಲವು ವರ್ಷದಲ್ಲಿ ಹೆಂಡತಿ ತೀರಿಕೊಂಡರು, ಅವರು ಎರಡು ಸಲ ಆಸ್ಪತ್ರೆ ಸೇರಿದರು. ಎರಡನೆಯ ಸಲ ಅದೇ ಆಸ್ಪತ್ರೆಯಲ್ಲಿ ನೀಲಗಂಗಾ ಹಡಪದ ಇದ್ದರು. ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂಬತ್ತು ವರ್ಷದ ಮಗಳು ಜ್ವರದಲ್ಲಿ ಹೋದಮೇಲೆ ಏಳು ತಿಂಗಳು ಆಕೆ ಯಾರೊಂದಿಗೂ ಮಾತಾಡಿರಲಿಲ್ಲ. ಹುಸೇನಸಾಬರು ಒಂದು ಮಧ್ಯಾಹ್ನ ಜೇಬಿನಿಂದ ಒಂದು ಮೊಳೆ ತೆಗೆದು ಆಕೆಯ ಅಂಗೈ ಮೇಲಿಟ್ಟು, ಕಣ್ಣು ಸರಿಯಿಲ್ಲ, ಇದು ಯಾವ ಅಕ್ಷರ ನೋಡಿ ಹೇಳವ್ವಾ ಎಂದರಂತೆ. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಆಕೆ ಬಹಳ ಹೊತ್ತು ನೋಡಿ, "ಳ. ಉಲ್ಟಾ ಐತಿ" ಎಂದರು. ಏಳು ತಿಂಗಳ ನಂತರದ ಮೊದಲ ಮಾತು ಅದು.

ಅರವತ್ತನಾಲ್ಕು ಜನ ಕಡಗ ಹಾಕಿಕೊಂಡರು. ಎಚ್ಚರಿಕೆ ಬಂದರೆ ಆಸ್ಪತ್ರೆಗೆ ಹೋಗುವ ಜೊತೆಗೆ ನೀಲಗಂಗಕ್ಕನ ಫೋನಿಗೂ ಬರಬೇಕೆಂದು ಗುಂಪಿನವರು ಕೇಳಿದರು. ಒಪ್ಪಿಕೊಂಡೆವು.

ಮೊದಲ ಎಚ್ಚರಿಕೆ ಬಸ್ ಡಿಪೋದಲ್ಲಿ ಕೆಲಸ ಮಾಡುವ ಕಸ್ತೂರಿ ಎಂಬಾಕೆಯದು. ಮರುದಿನ ಬೆಳಿಗ್ಗೆ ಹುಸೇನಸಾಬರು ಒಂದು ಬುಟ್ಟಿ ತುಂಬ ಕಲಸಿಹೋದ ಮೊಳೆಗಳನ್ನು ಹೊತ್ತು ಅವಳ ಮನೆಗೆ ಹೋದರು. ಖಾನೆ ಕೈತಪ್ಪಿ ಬಿದ್ದು ಅಕ್ಷರಗಳೆಲ್ಲ ಒಂದರಲ್ಲೊಂದು ಕೂಡಿವೆ, ಆರಿಸಿಕೊಡಬೇಕು, ತಿಂಗಳ ಹಾಳೆ ನಿಂತಿದೆ ಎಂದರು. ಕಸ್ತೂರಿ ಮೊದಲ ದಿನ ಹಾಸಿಗೆಯಿಂದ ಏಳಲಿಲ್ಲ. ಅವರು ತಾವೇ ನೆಲದ ಮೇಲೆ ಕುಳಿತು ಆರಿಸತೊಡಗಿದರು. ಎರಡನೆಯ ದಿನ ನೀಲಗಂಗಕ್ಕ ಬಂದರು, ಮೂರನೆಯ ದಿನ ಮತ್ತೊಬ್ಬರು. ನಾಲ್ಕನೆಯ ದಿನ ಕಸ್ತೂರಿ ಎದ್ದು ಬಂದು ಎದುರಿಗೆ ಕುಳಿತಳು. ಎಂಟನೆಯ ದಿನಕ್ಕೆ ಬುಟ್ಟಿ ಖಾಲಿಯಾಗಿತ್ತು, ಅವಳ ಗೆರೆ ನಲವತ್ತಕ್ಕೆ ಇಳಿದಿತ್ತು. ಖಾನೆಯನ್ನು ಮುದುಕ ಬೇಕೆಂದೇ ಬೀಳಿಸಿದ್ದ ಎಂದು ತನಗೆ ಮೊದಲ ದಿನವೇ ಗೊತ್ತಾಗಿತ್ತೆಂದು ಅವಳು ಆಮೇಲೆ ನನಗೆ ಹೇಳಿದಳು.

ಅವ್ವ ಕೇಳಿದ್ದ ಪ್ರಶ್ನೆಗೆ ಇಲ್ಲಿ ಉತ್ತರವಿದೆ ಎಂದು ನನಗನಿಸಿತು. ವಾರಕ್ಕೊಮ್ಮೆ ಗದಗಿಗೆ ಹೋಗುವುದು ರೂಢಿಯಾಯಿತು. ಹುಸೇನಸಾಬರು ನನಗೂ ಮೊಳೆ ಹಿಡಿಯುವುದನ್ನು ಕಲಿಸಲು ನೋಡಿದರು. ನನ್ನ ಬೆರಳಿಗೆ ಅದು ಒಗ್ಗಲಿಲ್ಲ. ನನ್ನನ್ನು ಗೌರವದಿಂದ ಬಾಯಾರು ಎಂದೇ ಕರೆಯುವ ಅವರು, ಬಾಯಾರಿಗೆ ಪರದೆ ನೋಡಿ ನೋಡಿ ಬೆರಳು ಮೊಂಡಾಗಿವೆ ಎಂದು ನಗುತ್ತಿದ್ದರು.

ಒಂದು ವರ್ಷವಾಯಿತು. ಗದಗಿನಲ್ಲಿ ನಲವತ್ತಮೂರು ಎಚ್ಚರಿಕೆಗಳು ಬಂದಿದ್ದವು. ಅವುಗಳಲ್ಲಿ ಕುಸಿತವಾದದ್ದು ಐದು ಮಾತ್ರ. ನಮ್ಮ ನಿರ್ದೇಶಕ ಪಂಚಾಕ್ಷರಿ ಪರದೆಯ ಮುಂದೆ ನಿಂತು, ಇದರರ್ಥ ನಮ್ಮ ಕಡಗ ಹತ್ತರಲ್ಲಿ ಒಂಬತ್ತು ಸಲ ಸುಳ್ಳು ಹೇಳುತ್ತಿದೆ ಎಂದರು. ಸುಳ್ಳಲ್ಲ, ಗುಂಪಿನವರು ಹೋಗಿ ಕೂಡುವುದರಿಂದ ಬರುವುದು ಬರದೇ ಹೋಗುತ್ತಿದೆ ಎಂದು ನಾನು ವಾದಿಸಿದೆ. ಇಂಥ ಗುಂಪು ಇಲ್ಲದ ಇನ್ನೊಂದು ಜಿಲ್ಲೆಯಲ್ಲಿ ನಲವತ್ತು ಎಚ್ಚರಿಕೆಗಳಲ್ಲಿ ಮೂವತ್ತೊಂದು ನಿಜವಾಗಿದ್ದವು. ಆದರೆ ನಮ್ಮ ವರದಿಯನ್ನು ಪರಿಶೀಲಿಸಿದವರು ಒಪ್ಪಲಿಲ್ಲ. ಊರು ಬೇರೆ, ಜನ ಬೇರೆ, ಹೋಲಿಕೆ ಸಲ್ಲದು. ಒಂದೇ ಊರಿನಲ್ಲಿ, ಒಂದೇ ಗುಂಪಿನಲ್ಲಿ, ಚೀಟಿ ಎತ್ತಿದ ಹಾಗೆ ಅರ್ಧ ಎಚ್ಚರಿಕೆಗಳನ್ನು ತಿಳಿಸಿ, ಇನ್ನರ್ಧವನ್ನು ಎಂಟು ದಿನ ಮುಚ್ಚಿಡಿ. ಆಗ ಕಡಗ ನಿಜವೋ ಅಲ್ಲವೋ, ಗುಂಪಿನಿಂದ ಉಪಯೋಗವಿದೆಯೋ ಇಲ್ಲವೋ, ಎರಡೂ ತಿಳಿಯುತ್ತವೆ ಎಂದು ಬರೆದರು.

ವಿಜ್ಞಾನದ ದೃಷ್ಟಿಯಿಂದ ಅದು ಸರಿಯಾದ ಮಾತು. ಈಗಲೂ ಅದನ್ನು ತಪ್ಪೆನ್ನಲು ನನಗೆ ಬರುವುದಿಲ್ಲ. ನೀತಿ ಸಮಿತಿಯೂ ಒಪ್ಪಿತು: ಕಡಗ ನಿಜವೆಂದು ಇನ್ನೂ ಸಾಬೀತಾಗಿಲ್ಲ, ಸಾಬೀತಾಗದ್ದನ್ನು ಮುಚ್ಚಿಟ್ಟರೆ ಯಾರಿಗೂ ಏನನ್ನೂ ತಪ್ಪಿಸಿದಂತಾಗುವುದಿಲ್ಲ, ಎಂದಿನ ಔಷಧಿ, ಎಂದಿನ ಗುಂಪು ಇದ್ದೇ ಇರುತ್ತದೆ. ಮುಚ್ಚಿಟ್ಟವರ ಹೆಸರು ನಮಗೂ ಗೊತ್ತಾಗದಂತೆ ಸಂಖ್ಯೆಗಳ ಹಿಂದೆ ಇಡಬೇಕು. ಗೆರೆ ಎಂಬತ್ತು ದಾಟಿದರೆ ಮಾತ್ರ ಹೆಸರು ತಾನಾಗಿ ತೆರೆದು ಆಸ್ಪತ್ರೆಗೆ ಹೋಗುತ್ತದೆ. ಅದಕ್ಕೂ ಮೊದಲು ತೆರೆಯಬೇಕೆಂದರೆ ನಾನೂ ಪಂಚಾಕ್ಷರಿಯವರೂ ಕೂಡಿ ಸಹಿ ಮಾಡಬೇಕು.

ಇದನ್ನು ಹೇಳಲು ನಾನೇ ಮೊಳೆಮನೆಗೆ ಹೋದೆ. ಎಲ್ಲರೂ ಸುತ್ತ ಕುಳಿತಿದ್ದರು. ನೀಲಗಂಗಕ್ಕ ಒಪ್ಪಲಿಲ್ಲ. ಯಾರೋ ಒಬ್ಬರು ಬೀಳುವುದನ್ನು ನೀವು ಎಂಟು ದಿನ ನೋಡುತ್ತ ಕೂಡುತ್ತೀರಿ, ನಮಗೆ ಹೇಳುವುದಿಲ್ಲ, ಇದು ಯಾವ ಸೀಮೆಯ ಪರೀಕ್ಷೆ ಎಂದರು. ನಾನು ಒಂದು ತಾಸು ವಿವರಿಸಿದೆ. ಇದು ಸಾಬೀತಾದರೆ ಪ್ರತಿ ತಾಲೂಕಿನಲ್ಲಿ ಒಂದು ಮೊಳೆಮನೆ ಆಗುತ್ತದೆ, ಸಾಬೀತಾಗದಿದ್ದರೆ ಇಲ್ಲಿಗೇ ನಿಲ್ಲುತ್ತದೆ ಎಂದೆ. ಆ ಮಾತನ್ನು ನಾನು ನಂಬಿದ್ದೆ.

ಕಡೆಗೆ ಹುಸೇನಸಾಬರು ಎದ್ದು ಬಂದರು. "ನೀಲವ್ವಾ, ನಾವು ಅರವತ್ತನಾಲ್ಕ ಮಂದಿ ಅದೀವಿ. ಹೊರಗ ಎಷ್ಟ ಮಂದಿ ಅದಾರ, ಅವರಿಗೆ ಯಾರದಾರ?" ಎಂದು ಕೇಳಿ, ನನ್ನ ಕಡೆ ತಿರುಗಿ, "ತರ್ರಿ ಬಾಯಾರ, ಮೊದಲ ನನ್ನ ಹೆಸರ ಬರಕೋರಿ" ಎಂದರು. ಅವರು ಸಹಿ ಮಾಡಿದ ಮೇಲೆ ಉಳಿದವರೂ ಮಾಡಿದರು. ನೀಲಗಂಗಕ್ಕ ಎಲ್ಲರಿಗಿಂತ ಕೊನೆಗೆ ಮಾಡಿದರು.

ಐದು ತಿಂಗಳು ಪರೀಕ್ಷೆ ನಡೆಯಿತು. ಮುಚ್ಚಿಟ್ಟ ಗೆರೆಗಳು ಏರಿದವು, ಕೆಲವು ತಾವಾಗಿ ಇಳಿದವು, ಹೆಚ್ಚಿನವು ಕುಸಿತದಲ್ಲಿ ಮುಗಿದವು. ಜನ ಹಾಸಿಗೆ ಹಿಡಿದರು, ಒಂದಿಬ್ಬರು ಆಸ್ಪತ್ರೆ ಸೇರಿದರು, ಹದಿನೈದು ದಿನದಲ್ಲಿ ಹೊರಬಂದರು. ಒಂದೊಂದು ಕುಸಿತವಾದಾಗಲೂ ನಮ್ಮ ಲೆಕ್ಕ ಒಂದೊಂದು ಹೆಜ್ಜೆ ಗಟ್ಟಿಯಾಗುತ್ತಿತ್ತು. ಪರದೆ ನೋಡಿ ನನಗೆ ಒಳಗೊಳಗೆ ಸಮಾಧಾನವಾಗುತ್ತಿತ್ತು ಎಂಬುದನ್ನು ಇಲ್ಲಿ ಮರೆಮಾಚುವುದಿಲ್ಲ.

ಆರನೆಯ ತಿಂಗಳಲ್ಲಿ ಹದಿನೇಳನೆಯ ಸಂಖ್ಯೆಯ ಗೆರೆ ಅರವತ್ತು ದಾಟಿತು. ಚೀಟಿ ಮುಚ್ಚಿಡುವ ಕಡೆಗೆ ಬಿದ್ದಿತ್ತು. ಮೂರನೆಯ ದಿನಕ್ಕೆ ಎಪ್ಪತ್ತೊಂದು. ಐದನೆಯ ದಿನ ಎಪ್ಪತ್ತಾರು. ಆರನೆಯ ದಿನ ಬೆಳಿಗ್ಗೆ ನಾನು ಬಂದು ನೋಡಿದಾಗ ಎಪ್ಪತ್ತೆಂಟು. ಇಷ್ಟು ನೆಟ್ಟಗೆ, ಎಲ್ಲೂ ತಗ್ಗದೆ ಏರಿದ ಗೆರೆಯನ್ನು ನಾನು ಆವರೆಗೆ ನೋಡಿರಲಿಲ್ಲ. ಪಂಚಾಕ್ಷರಿಯವರ ಕೋಣೆಗೆ ಹೋಗಿ ತೆರೆಯೋಣವೇ ಎಂದೆ. ಅವರು ಕೆಟ್ಟವರಲ್ಲ. ಎದ್ದು ಬಂದು ನನ್ನ ಪಕ್ಕದಲ್ಲೇ ನಿಂತು ಬಹಳ ಹೊತ್ತು ಗೆರೆಯನ್ನು ನೋಡಿದರು. ಇನ್ನೂ ಎರಡು ಕಡಿಮೆ ಇದೆ, ಎಂಬತ್ತು ಎಂಬ ಗಡಿಯನ್ನು ಹಾಕಿದವರು ನಾವೇ, ಈಗ ತೆರೆದರೆ ಮುಂದೆ ಪ್ರತಿ ಗೆರೆಗೂ ತೆರೆಯಬೇಕಾದೀತು, ನೀವೇನಂತೀರಿ ಎಂದು ನನ್ನನ್ನೇ ಕೇಳಿದರು. ನಾನು ನಾಳೆ ನೋಡೋಣ ಎಂದೆ. ಆ ಮಾತು ಆಡಿದವಳು ನಾನು.

ವಾರಕ್ಕೊಮ್ಮೆ ಗದಗಿಗೆ ಹೋಗುವ ನನ್ನ ಸರದಿ ಅದೇ ದಿನವಿತ್ತು. ಮಧ್ಯಾಹ್ನ ಮೊಳೆಮನೆಯಲ್ಲಿ ಹೊಸದಾಗಿ ಬಂದಿದ್ದ ಒಬ್ಬ ನಿವೃತ್ತ ಕಂಡಕ್ಟರಿಗೆ ಹುಸೇನಸಾಬರು ಒತ್ತಕ್ಷರ ಕೂಡಿಸುವುದನ್ನು ಕಲಿಸುತ್ತಿದ್ದರು. ಒಳಗೆ ಕಾಲಿಡುತ್ತಲೇ ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಇವರಲ್ಲಿ ಹದಿನೇಳು ಯಾರು ಎಂದು ಹುಡುಕಿದೆ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದ ಒಬ್ಬ ಹೆಂಗಸಿರಬಹುದು ಎನಿಸಿ ಅವಳ ಹತ್ತಿರ ಹೋಗಿ ಮಾತಾಡಿಸಿದೆ. ಹಲ್ಲು ನೋವು ಎಂದಳು. ಹುಸೇನಸಾಬರು ಎದ್ದು ಹೋಗಿ ನನಗೆ ಚಹಾ ತಂದುಕೊಟ್ಟರು. ಬಾಯಾರ, ಯಾಕೋ ಸಣ್ಣಗಾಗೀರಿ ಎಂದರು. ಕೆಲಸ ಹೆಚ್ಚಾಗಿದೆ ಎಂದೆ. ಕೆಲಸ ಇರಬೇಕು ಎಂದು ಹೇಳಿ ಅವರು ಕಂಡಕ್ಟರರ ಕಡೆಗೆ ಹೋದರು. ಅವರ ಮಾತಿನ ನಡುವಿನ ಬಿಡುವು ನನ್ನ ಕಿವಿಗೆ ತಿಳಿಯಲಿಲ್ಲ. ಮನುಷ್ಯರ ಕಿವಿಗೆ ತಿಳಿಯುವುದಿಲ್ಲವೆಂದೇ ಅಲ್ಲವೇ ನಾವು ಕಡಗ ಮಾಡಿದ್ದು.

ಏಳನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಹದಿನೇಳನೆಯ ಗೆರೆ ನಿಂತುಹೋಯಿತು. ಏರಿಯೂ ಇಲ್ಲ, ಇಳಿದೂ ಇಲ್ಲ, ಎಪ್ಪತ್ತೊಂಬತ್ತರಲ್ಲಿ ತುಂಡಾಗಿತ್ತು. ಕಡಗ ಕೆಟ್ಟಿರಬೇಕು ಎಂದು ನಮ್ಮ ಎಂಜಿನಿಯರ್ ಹೇಳಿದ. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ಹನ್ನೆರಡು ಗಂಟೆಗೆ ಗದಗಿನ ವೈದ್ಯರ ಫೋನು ಬಂತು. ಹುಸೇನಸಾಬರು ತಮ್ಮ ಮನೆಯಲ್ಲಿ, ತಮ್ಮ ಕೈಯಾರೆ ಜೀವ ಕಳೆದುಕೊಂಡಿದ್ದರು. ನಾನು ಸಂಖ್ಯೆಯ ಮುದ್ರೆ ತೆರೆಯುವ ಮೊದಲೇ ಅದರ ಹಿಂದೆ ಯಾವ ಹೆಸರಿದೆ ಎಂದು ಗೊತ್ತಾಗಿತ್ತು.

ಅವರನ್ನು ಮಣ್ಣು ಮಾಡುವಾಗ ಹೋದೆ. ದೂರ ನಿಂತಿದ್ದೆ. ಅವರು ಯಾರ ಯಾರ ಮನೆಯ ನೆಲದ ಮೇಲೆ ಹೋಗಿ ಕುಳಿತಿದ್ದರೋ ಅವರೆಲ್ಲ ಬಂದಿದ್ದರು.

ಮಣ್ಣಾಗಿ ಐದು ದಿನಕ್ಕೆ ನೀಲಗಂಗಕ್ಕ ಹುಬ್ಬಳ್ಳಿಗೆ ಬಂದರು. ಕೇಂದ್ರದ ಒಳಗೆ ಅವರು ಬಂದಿದ್ದು ಅದೇ ಮೊದಲು. ನೇರವಾಗಿ ಪರದೆಗಳಿರುವ ಕೋಣೆಗೆ ಬಂದು, ಅಲ್ಲಿ ಓಡುತ್ತಿದ್ದ ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿದರು. ಕುಂದರ್ರಿ ಅಕ್ಕಾರ ಎಂದೆ. ಕೂಡಲಿಲ್ಲ.

"ಒಂದ ಕೇಳ್ತೀನ್ರಿ ಬಾಯಾರ. ನಿಮಗ ಗೊತ್ತಿತ್ತೇನು?"

"ಹೆಸರ ಗೊತ್ತಿರಲಿಲ್ರಿ ಅಕ್ಕಾರ. ನಂಬರ ಗೊತ್ತಿತ್ತು."

"ಎಷ್ಟ ದಿವಸದಿಂದ?"

"ಆರ ದಿವಸದಿಂದ."

ಅವರು ತಲೆಯಾಡಿಸಿದರು. ಎಡಗೈಯ ಕಡಗ ತೆಗೆದು ಮೇಜಿನ ಮೇಲಿಟ್ಟರು. "ನಮ್ಮೊಳಗ ಯಾರೋ ಒಬ್ಬರು ಮುಳಗಾಕತ್ತಾರ ಅಂತ ಅಷ್ಟ ಹೇಳಿದ್ರ ಸಾಕಿತ್ತು. ಅರವತ್ತನಾಲ್ಕೂ ಮಂದಿ ಮನೀಗೆ ನಾವು ಹೋಗ್ತಿದ್ವಿ. ಹೆಸರ ಯಾಕ ಬೇಕಿತ್ರಿ?"

ಹನ್ನೊಂದು ವರ್ಷ ಓದಿದವರಿಗೆ, ಸಮಿತಿಯಲ್ಲಿ ಕುಳಿತ ಏಳು ಜನ ಪಂಡಿತರಿಗೆ, ಯಾರಿಗೂ ಹೊಳೆಯದಿದ್ದ ಮಾತದು. ಅವರು ಹೋದ ವಾರದೊಳಗೆ ಉಳಿದವರ ಕಡಗಗಳೂ ಒಂದು ಬಟ್ಟೆಯ ಗಂಟಿನಲ್ಲಿ ಬಂದವು.

ಪರೀಕ್ಷೆ ಅಲ್ಲಿಗೇ ನಿಂತಿತು. ಆದರೆ ಲೆಕ್ಕಕ್ಕೆ ಬೇಕಾದಷ್ಟು ಕೂಡಿಬಂದಿತ್ತು. ಮುಚ್ಚಿಟ್ಟ ಕಡೆ ಇಪ್ಪತ್ತೆರಡರಲ್ಲಿ ಹದಿನೇಳು ನಿಜವಾಗಿದ್ದವು. ತಿಳಿಸಿದ ಕಡೆ ಇಪ್ಪತ್ತರಲ್ಲಿ ಎರಡು. ಹುಸೇನಸಾಬರನ್ನೂ ಸೇರಿಸಿಯೇ ಆ ಹದಿನೇಳು. ಕಡಗ ಸುಳ್ಳು ಹೇಳಿರಲಿಲ್ಲ, ಗುಂಪು ಕೆಲಸ ಮಾಡಿತ್ತು. ಎರಡೂ ಯಾರೂ ಅಲ್ಲಗಳೆಯಲಾರದಂತೆ ಸಾಬೀತಾಗಿದ್ದವು. ನಮ್ಮ ಲೇಖನ ಪ್ರಕಟವಾಯಿತು. ಬೇರೆ ಬೇರೆ ದೇಶಗಳಿಂದ ಅಭಿನಂದನೆಗಳು ಬಂದವು. ಲೇಖನದಲ್ಲಿ ಅವರ ಬಗ್ಗೆ ಇದ್ದದ್ದು ಒಂದು ಸಾಲು: ಮುಚ್ಚಿಟ್ಟ ಗುಂಪಿನಲ್ಲಿ ಒಂದು ಸಾವು ಸಂಭವಿಸಿತು. ಅದನ್ನು ಬರೆದವಳೂ ನಾನೇ.

ಆಮೇಲೆ ನನಗೆ ಏನಾಯಿತೆಂಬುದನ್ನು ಒಂದು ದಿನಾಂಕ ಹಿಡಿದು ಹೇಳಲಾರೆ. ಕೇಂದ್ರಕ್ಕೆ ಹೋಗುತ್ತಿದ್ದೆ, ಪರದೆಯ ಮುಂದೆ ಕುಳಿತಿರುತ್ತಿದ್ದೆ, ಏನೂ ಕಾಣುತ್ತಿರಲಿಲ್ಲ. ಕೆಲವು ವಾರಗಳ ಮೇಲೆ ಹೋಗುವುದನ್ನು ಬಿಟ್ಟೆ. ಸ್ನಾನದ ಕೋಣೆಗೆ ಹೋದರೆ ತಂಬಿಗೆ ಹಿಡಿದುಕೊಂಡು ಸುಮ್ಮನೆ ಕುಳಿತುಬಿಡುತ್ತಿದ್ದೆ, ಬಿಸಿನೀರು ಆರಿಹೋಗುತ್ತಿತ್ತು. ಅವ್ವ ತಟ್ಟೆ ತಂದು ಮುಂದಿಡುತ್ತಿದ್ದಳು, ಒಂದು ತಾಸಿನ ನಂತರ ತಾನೇ ಎತ್ತಿಕೊಂಡು ಹೋಗುತ್ತಿದ್ದಳು. ಕಾಯಿಲೆಯ ಲಕ್ಷಣಗಳೆಲ್ಲ ನನಗೆ ಬಾಯಿಪಾಠ. ಅದರಿಂದ ಒಂದು ತುತ್ತಿನ ಉಪಯೋಗವೂ ಆಗಲಿಲ್ಲ.

ಒಂದು ದಿನ ಮುಂಜಾನೆ ಅವ್ವ ಸೀರೆ ಬದಲಿಸಿ, ಊರಿಗೆ ಹೋಗಿಬರುತ್ತೇನೆಂದು ಪಕ್ಕದ ಮನೆಯವರನ್ನು ನನ್ನ ಹತ್ತಿರ ಕೂರಿಸಿ ಹೋದಳು. ಅವಳು ಹೋದದ್ದು ಬೆಟಗೇರಿಗೆ. ಬಸ್ ಇಳಿದು, ಮೊಳೆಮನೆ ಎಲ್ಲಿ ಎಂದು ಹತ್ತು ಜನರನ್ನು ಕೇಳುತ್ತ ಹೋಗಿ, ಅಲ್ಲಿ ನೀಲಗಂಗಕ್ಕನ ಮುಂದೆ ಕುಳಿತು, ನಾನು ಶಶಿರೇಖಾನ ಅವ್ವ ಎಂದು ಹೇಳಿದಳಂತೆ. ಮುಂದೆ ಏನು ಮಾತಾಯಿತು ಎಂಬುದನ್ನು ಇಬ್ಬರೂ ಈವರೆಗೆ ನನಗೆ ಹೇಳಿಲ್ಲ.

ಮರುದಿನ ಹತ್ತು ಗಂಟೆಗೆ ನೀಲಗಂಗಕ್ಕನೂ ಕಸ್ತೂರಿಯೂ ನಮ್ಮ ಮನೆಗೆ ಬಂದರು. ಕಸ್ತೂರಿಯ ತಲೆಯ ಮೇಲೆ ಕಾಗದದ ಒಂದು ಹೊರೆ ಇತ್ತು. ನಾನು ಗೋಡೆಗೆ ಒರಗಿ ಕುಳಿತಿದ್ದೆ, ಏಳಲಿಲ್ಲ. ನೀಲಗಂಗಕ್ಕ ನನ್ನ ಎದುರಿಗೆ ನೆಲದ ಮೇಲೆ ಕುಳಿತರು. ಅವರು ಬಹಳ ಸೋತಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ನಿಮ್ಮನ್ನ ಮಾಫ ಮಾಡೀನಿ ಅಂತ ತಿಳೀಬ್ಯಾಡ್ರಿ" ಎಂದರು. "ಮಾಡಿಲ್ಲ. ಮುಂದ ಮಾಡ್ತೀನೋ ಇಲ್ಲೋ, ಅದೂ ಗೊತ್ತಿಲ್ಲ. ನಿಮ್ಮವ್ವ ಬಂದಿದ್ರು. ಅದಕ್ಕ ಬಂದೀನಿ."

ಕಸ್ತೂರಿ ಹೊರೆ ಬಿಚ್ಚಿದಳು. ಹುಸೇನಸಾಬರು ಒಂಬತ್ತು ವರ್ಷ ದಿನಕ್ಕೊಂದರಂತೆ ಜೋಡಿಸಿದ್ದ ಸಾಲುಗಳನ್ನು ಗುಂಪಿನವರು ಆರಿಸಿ ಪುಸ್ತಕ ಮಾಡುತ್ತಿದ್ದರು. ಮುದ್ರಿಸಿದ ಹಾಳೆಗಳನ್ನು ಮಡಿಚಬೇಕಿತ್ತು. ಅವರಿಬ್ಬರೂ ಮಡಿಚತೊಡಗಿದರು, ಅವ್ವನೂ ಬಂದು ಕೂಡಿದಳು. ನನಗೆ ಯಾರೂ ಮಡಿಚು ಎನ್ನಲಿಲ್ಲ. ಮೊದಲ ದಿನ ನಾನು ಮುಟ್ಟಲಿಲ್ಲ, ಎರಡನೆಯ ದಿನವೂ ಮುಟ್ಟಲಿಲ್ಲ. ಮೂರನೆಯ ದಿನ ನೀಲಗಂಗಕ್ಕ ಒಬ್ಬರೇ ಬಂದರು. ನಾನು ಒಂದು ಹಾಳೆ ತೆಗೆದುಕೊಂಡು ಓದಿದೆ. ಇವತ್ತು ಬಿಸಿಲು ಚಲೋ ಇತ್ತು, ಶಾಯಿ ಬೇಗ ಒಣಗಿತು. ಅದರ ಕೆಳಗೆ, ಕಸ್ತೂರಿ ನಕ್ಕಳು, ಕಾರಣ ಕೇಳಲಿಲ್ಲ. ಇನ್ನೂ ಕೆಳಗೆ, ಹುಬ್ಬಳ್ಳಿಯ ಬಾಯಾರು ಮೊಳೆ ತಲೆಕೆಳಗೆ ಹಿಡಿಯುತ್ತಾರೆ, ಕಲಿತಾರು. ಅಲ್ಲಿಂದ ಮುಂದೆ ಓದಲಾಗಲಿಲ್ಲ. ಆರು ತಿಂಗಳಲ್ಲಿ ಮೊದಲ ಸಲ ನಾನು ಅತ್ತೆ. ನೀಲಗಂಗಕ್ಕ ನನ್ನನ್ನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಹಾಳೆ ಮಡಿಚುತ್ತ ಅಲ್ಲೇ ಇದ್ದರು.

ನಾನು ಎದ್ದು ಓಡಾಡುವಂತಾಗಲು ಇನ್ನೂ ನಾಲ್ಕು ತಿಂಗಳು ಬೇಕಾಯಿತು. ಅಷ್ಟರಲ್ಲಿ ಸರ್ಕಾರ ಕಡಗವನ್ನು ಮೂವತ್ತು ತಾಲೂಕುಗಳಿಗೆ ಕೊಡಲು ನಿರ್ಧರಿಸಿತ್ತು. ಸಲಹೆ ಕೇಳಲು ಕರೆದ ಸಭೆಗೆ ಹೋಗಿ ನಾನು ಎಲ್ಲವನ್ನೂ ಹೇಳಿದೆ: ಎಪ್ಪತ್ತೆಂಟು, ನಾಳೆ ನೋಡೋಣ, ತುಂಡಾದ ಗೆರೆ. ಮುಚ್ಚಿಟ್ಟ ಸಂಖ್ಯೆಯ ಹೆಸರು ಹುಸೇನಸಾಬ ಎಂದು ದಾಖಲೆಯಲ್ಲಿ ಬರೆಸಿದೆ. ಹೋಗಿ ಕೂಡುವ ಜನರಿಲ್ಲದ ಊರಿಗೆ ಕಡಗ ಕೊಡಬೇಡಿ ಎಂದು ಕೇಳಿಕೊಂಡೆ. ಅರ್ಧ ಕೇಳಿದರು. ಹನ್ನೊಂದು ತಾಲೂಕುಗಳಲ್ಲಿ ಗುಂಪು ಕಟ್ಟಲು ಒಪ್ಪಿದರು. ಉಳಿದ ಹತ್ತೊಂಬತ್ತರಲ್ಲಿ ಎಚ್ಚರಿಕೆ ಬಂದಾಗ ಯಂತ್ರದ ದನಿಯೊಂದು ಫೋನು ಮಾಡಿ, ನೀವು ಒಬ್ಬರೇ ಅಲ್ಲ ಎಂದು ಹೇಳುತ್ತದೆ. ಆ ದನಿ ಬಹಳ ಇಂಪಾಗಿದೆ. ಅಲ್ಲಿನ ಲೆಕ್ಕಗಳನ್ನು ನಾನು ನೋಡಿದ್ದೇನೆ, ಗೆರೆಗಳು ಇಳಿಯುವುದಿಲ್ಲ.

ಕೇಂದ್ರದ ಕೆಲಸ ಬಿಟ್ಟೆ. ಗುಂಪು ಕಟ್ಟುವ ಹನ್ನೊಂದು ಊರುಗಳಿಗೆ ನೀಲಗಂಗಕ್ಕ ಹೋಗುವಾಗ ಜೊತೆಗೆ ಹೋಗತೊಡಗಿದೆ. ಅವರು ಬಾ ಎಂದಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಬಸ್ಸಿನಲ್ಲಿ ಪಕ್ಕ ಪಕ್ಕ ಕೂಡುತ್ತಿದ್ದೆವು. ಮಾತು ಕೆಲಸದಷ್ಟೇ.

ಎರಡನೆಯ ವರ್ಷ, ರೋಣಕ್ಕೆ ಹೋಗುವ ಮಧ್ಯಾಹ್ನದ ಬಸ್ಸಿನಲ್ಲಿ ಅವರು ನಾನು ಕೇಳದೆಯೇ ಮಾತು ತೆಗೆದರು.

"ಐದನೇ ದಿವಸ ಹುಸೇನಕಾಕಾ ನಮ್ಮ ಮನೀಗೆ ಬಂದಿದ್ರು" ಎಂದರು.

ಯಾವ ಐದನೆಯ ದಿನ ಎಂದು ಕೇಳಬೇಕಾಗಿರಲಿಲ್ಲ. ಗೆರೆ ಎಪ್ಪತ್ತಾರು ಮುಟ್ಟಿದ ದಿನ.

"ಬಾಗಲದಾಗ ನಿಂತು, ಕೆಲಸ ಏನರ ಐತೇನವಾ ಅಂತ ಕೇಳಿದ್ರು. ಅವತ್ತ ಕಸ್ತೂರಿದು ಎಚ್ಚರಿಕಿ ಬಂದಿತ್ರಿ. ನಾ ಅಕಿ ಮನೀಗೆ ಹೊಂಟ ನಿಂತಿದ್ದೆ, ಚಪ್ಪಲಿ ಮೆಟ್ಟಾಕತ್ತಿದ್ದೆ. ಈಗ ಏನೂ ಇಲ್ಲ ಕಾಕಾ, ನಾಳಿ ಬರ್ರಿ ಅಂದೆ. ಆತವಾ ಅಂತ ಹೋದ್ರು." ಅವರು ಕಿಟಕಿಯ ಕಡೆ ತಿರುಗಿದರು. "ಅವರು ನಮಗೆಲ್ಲಾ ಕಲಿಸಿದ್ದ ಅದರೀ. ಹೋಗಿ ಬಾಗಲದಾಗ ನಿಲ್ಲೂದು, ಕೆಲಸ ಐತಿ ಅನ್ನೂದು. ತಾವ ಬಂದ ನಿಂತಾಗ ನನಗ ತಿಳೀಲಿಲ್ಲ. ನನ್ನ ಕೈಯಾಗ ಯಾ ಗೆರಿನೂ ಇರಲಿಲ್ಲ, ಪರದೆನೂ ಇರಲಿಲ್ಲ. ಅವರ ಮಾರಿ ಇತ್ತು. ನಾ ಮಾರಿ ನೋಡಲಿಲ್ಲ."

ಅದು ನಿಮ್ಮ ತಪ್ಪಲ್ಲ ಎಂದು ಹೇಳಬಹುದಿತ್ತು. ನಿಜವೂ ಆಗುತ್ತಿತ್ತು. ಆದರೆ ನನ್ನ ಬಾಯಿಂದ ಆ ಮಾತು ಬರುವ ಹಾಗಿರಲಿಲ್ಲ. ಎರಡು ವರ್ಷ ಅವರು ಇದನ್ನು ಒಬ್ಬರೇ ಹೊತ್ತಿದ್ದರು. ನಮ್ಮ ಮನೆಯಲ್ಲಿ ಹಾಳೆ ಮಡಿಚುತ್ತ ಕುಳಿತಾಗಲೂ ಇದು ಅವರ ಒಳಗಿತ್ತು. ಹೊರಗೆ ಜೋಳ ಕೊಯ್ದ ಕಪ್ಪು ಹೊಲಗಳು ಹಿಂದಕ್ಕೆ ಸರಿಯುತ್ತಿದ್ದವು. ರೋಣದಲ್ಲಿ ಇಳಿಯುವಾಗ ಅವರು ನನ್ನ ತೋಳು ಹಿ‌ಡಿದುಕೊಂಡರು. ಮೊಣಕಾಲು ನೋವು ಅವರಿಗೆ. ಆದರೆ ಆವರೆಗೆ ಒಮ್ಮೆಯೂ ಹಿಡಿದಿರಲಿಲ್ಲ.

ಸಭೆ ಶಾಲೆಯ ಒಂದು ಕೋಣೆಯಲ್ಲಿತ್ತು. ಆರು ಜನ ಬರುತ್ತಾರೆಂದು ಹೇಳಿದ್ದರು, ಐದು ಜನ ಒಳಗಿದ್ದರು. ಆರನೆಯವಳು ಸುಮಾರು ಮೂವತ್ತರ ಹೆಂಗಸು, ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ಒಳಗೂ ಬರುತ್ತಿರಲಿಲ್ಲ, ಹೋಗುತ್ತಲೂ ಇರಲಿಲ್ಲ. ನೀಲಗಂಗಕ್ಕ ಒಳಗಿನವರನ್ನೊಮ್ಮೆ, ಹೊರಗಿನವಳನ್ನೊಮ್ಮೆ ನೋಡಿ, ಆಮೇಲೆ ನನ್ನನ್ನು ನೋಡಿದರು.

"ನೀವ ಹೋಗ್ರಿ" ಎಂದರು.

ಏನು ಹೇಳಬೇಕೆಂದು ಕೇಳಿದೆ. ಅವರು ಒಳಗೆ ಹೋಗಿ, ಐದು ಜನರ ನಡುವೆ ಚಾಪೆ ಬಿಡಿಸತೊಡಗಿದರು. ನಾನು ಗೇಟು ದಾಟಿ ಮರದ ಕೆಳಗೆ ಹೋದೆ. ಆ ಹೆಂಗಸು ನನ್ನನ್ನು ನೋಡಲಿಲ್ಲ. ಅಲ್ಲೊಂದು ಕಲ್ಲಿನ ಕಟ್ಟೆ ಇತ್ತು, ಕುಳಿತೆ. ಬಹಳ ಹೊತ್ತಿನ ಮೇಲೆ ಅವಳು, ನೀವು ಡಾಕ್ಟರೇನ್ರಿ ಎಂದು ಕೇಳಿದಳು.

"ಅಲ್ರಿ" ಎಂದೆ. "ನಾನೂ ಹತ್ತ ತಿಂಗಳ ಗ್ವಾಡಿಗೆ ಹೊಂದಿ ಕುಂತಾಕಿ."

ಅವಳು ಮೊದಲ ಸಲ ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಕಟ್ಟೆಯ ಆ ತುದಿಗೆ ಬಂದು ಕುಳಿತಳು.